ಬಂಧಿಯಿಂದ ಅವನ ಮನೆಯವರೆಗೆ: ಹಾವೇರಿ ಸೀಮೆಯಲ್ಲಿ ಕಾನೂನು ಸೇವೆಯ ಮೂರು ದಶಕ

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 1987ರಲ್ಲಿ, ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ನಡುವಿನ ಎಂಟು ವರ್ಷ ತಿದ್ದುಪಡಿಯಲ್ಲೂ ಕಾಯುವುದರಲ್ಲೂ ಕಳೆದವು. ಆ ದಿನದಿಂದ ಎಣಿಸಿದರೆ 2025ಕ್ಕೆ ಮೂವತ್ತು ವರ್ಷ. ಹಾವೇರಿಯ ಜಿಲ್ಲಾ ಪ್ರಾಧಿಕಾರವಾಗಲಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ತಾಲ್ಲೂಕು ಸಮಿತಿಗಳಾಗಲಿ ಈ ಕಾಯ್ದೆಯ ಅಡಿಯಲ್ಲೇ ನಿಂತಿವೆ. ಇಂಥ ಸಂದರ್ಭದ ಸಂಚಿಕೆಗಳಲ್ಲಿ ಲೋಕ ಅದಾಲತ್‌ನಲ್ಲಿ ರಾಜಿಯಾದ ಪ್ರಕರಣಗಳ ಲೆಕ್ಕ ಬರುವುದು ವಾಡಿಕೆ, ಬರಬೇಕಾದದ್ದೂ ಹೌದು. ಈ ಲೇಖನ ಬೇರೊಂದು ಎಳೆಯನ್ನು ಹಿಡಿಯುತ್ತದೆ. ಒಬ್ಬನು ಜೈಲಿಗೆ ಹೋದ ಮೇಲೆ ಊರಲ್ಲಿ ಉಳಿಯುವ ಅವನ ಹೆಂಡತಿ, ಮಕ್ಕಳು, ಮುಪ್ಪಿನ ತಂದೆತಾಯಿಗೆ ಈ ವ್ಯವಸ್ಥೆಯಿಂದ ಏನು ಸಿಕ್ಕಿತು, ಇನ್ನೇನು ಸಿಗಬೇಕು ಎಂಬುದು ಆ ಎಳೆ. ವ್ಯವಸ್ಥೆ ಬಂಧಿಯನ್ನು ಒಬ್ಬಂಟಿ ವ್ಯಕ್ತಿಯೆಂದು ಎಣಿಸುತ್ತ ಬಂತು. ಆದರೆ ಶಿಕ್ಷೆ ಬೀಳುವುದು ಮನೆಯ ಮೇಲೆ. ಆದ್ದರಿಂದ ಮುಂದಿನ ವಿಸ್ತರಣೆ ಮನೆಯನ್ನೇ ಘಟಕವಾಗಿ ಇಟ್ಟುಕೊಳ್ಳಬೇಕು, ಅದೂ ಹಾವೇರಿಯೊಂದರಲ್ಲಿ ದೊಡ್ಡ ಕಟ್ಟಡವಾಗಿ ಅಲ್ಲ, ಮೂರೂ ಊರುಗಳಲ್ಲಿ ಒಂದೊಂದು ಮೇಜಾಗಿ. ಇದು ಇಲ್ಲಿಯ ವಾದ.

1930–1952: ಎರಡು ಬಗೆಯ ಮನೆಗಳು

ಕಾಯ್ದೆಗಿಂತ ಬಹಳ ಹಿಂದೆಯೇ ಈ ಸೀಮೆಗೆ ಜೈಲು ಕಂಡ ಮನೆಗಳ ಅನುಭವವಿತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಭಾಗ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರಾದ ಮೈಲಾರ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಏಕೈಕ ಕನ್ನಡಿಗ. ಅವರೂ ಜೈಲಿಗೆ ಹೋದರು, ಪತ್ನಿ ಸಿದ್ದಮ್ಮನವರೂ ಹೋದರು. ಕೊರಡೂರಿನ ಸೇವಾಶ್ರಮದಲ್ಲಿ ಖಾದಿ ಮತ್ತು ಗ್ರಾಮಸೇವೆಯ ಕೆಲಸ ನಡೆಸುತ್ತಿದ್ದ ಈ ದಂಪತಿಗೆ ಜೈಲು ಎನ್ನುವುದು ಬದುಕಿನ ನಡುವೆ ಬಂದುಹೋಗುವ ಸಂಗತಿಯಾಗಿತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಪೊಲೀಸರ ಗುಂಡಿಗೆ ಬಲಿಯಾದರು. ಪಕ್ಕದ ಹಿರೇಕೆರೂರು ತಾಲ್ಲೂಕಿನಲ್ಲಿ 1931–32ರ ಕರನಿರಾಕರಣೆಯ ಕಾಲಕ್ಕೆ ಗಂಡಸರು ಜೈಲಿಗೆ, ಹೊಲ ಜಪ್ತಿಗೆ ಎಂಬ ಸ್ಥಿತಿ ಬಂತು. ಈ ಮನೆಗಳನ್ನು ಸಮಾಜ ಗೌರವದಿಂದ ಕಂಡಿತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೂ ಆ ಗೌರವಕ್ಕೆ ಲೆಕ್ಕದ ರೂಪ ಕೊಟ್ಟಿತು. 1972ರಲ್ಲಿ ಕೇಂದ್ರ ಸರ್ಕಾರ ತಂದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಆರು ತಿಂಗಳ ಸೆರೆವಾಸ ಮುಖ್ಯ ಅರ್ಹತೆಗಳಲ್ಲಿ ಒಂದು. ಹೋರಾಟಗಾರ ಇಲ್ಲವಾದರೆ ಅವನ ವಿಧವೆಗೆ ಪಿಂಚಣಿ. ಜೈಲಿನಲ್ಲಿ ಕಳೆದ ದಿನಗಳ ನಷ್ಟ ಮನೆಯವರದ್ದೂ ಹೌದು ಎಂಬ ತತ್ವವನ್ನು ರಾಜ್ಯವ್ಯವಸ್ಥೆ ಒಮ್ಮೆ ಬರಹದಲ್ಲೇ ಒಪ್ಪಿಕೊಂಡಿದೆ. ಇದನ್ನು ನೆನಪಿಡಬೇಕು.

ಅದೇ ಕಾಲದಲ್ಲಿ, ಅದೇ ಧಾರವಾಡ ಜಿಲ್ಲೆಯಲ್ಲಿ, ಇನ್ನೊಂದು ಬಗೆಯ ಮನೆಗಳೂ ಇದ್ದವು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮುಂಬಯಿ ಪ್ರಾಂತವನ್ನೂ ವ್ಯಾಪಿಸಿತು, 1924ರಲ್ಲಿ ಇನ್ನಷ್ಟು ಬಿಗಿಯಾಯಿತು. ಅದರಡಿ ಹುಬ್ಬಳ್ಳಿ ಮತ್ತು ಗದಗಿನಲ್ಲಿ ಸೆಟ್ಲಮೆಂಟುಗಳು ಎದ್ದವು. ಯಾರೋ ಒಬ್ಬ ಅಪರಾಧ ಮಾಡಿದನೆಂದು ಅವನನ್ನು ಹಿಡಿದು ಕೂಡಿಹಾಕುವ ಪದ್ಧತಿ ಅದಲ್ಲ. ಹುಟ್ಟಿದ ಕುಲದ ಕಾರಣಕ್ಕೆ ಇಡೀ ಸಂಸಾರವನ್ನು ಬೇಲಿಯೊಳಗೆ ಇಟ್ಟು ಹಾಜರಿ ತೆಗೆದುಕೊಳ್ಳುವ ಪದ್ಧತಿ. ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಬೇರೆ ಶಾಲೆಯಲ್ಲಿ ಇಡುವ ಅಧಿಕಾರವನ್ನೂ ಆ ಕಾಯ್ದೆ ಕೊಟ್ಟಿತ್ತು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಎರಡೂ ನಗರಗಳಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಬಡಾವಣೆಗೆ ಅಂಟಿಕೊಂಡು ಉಳಿದಿದೆ. ಒಂದೇ ಜಿಲ್ಲೆಯಲ್ಲಿ ಒಂದು ಮನೆಗೆ ಜೈಲು ಕೀರ್ತಿ ತಂದಿತು, ಇನ್ನೊಂದು ಮನೆಗೆ ತಲೆಮಾರುಗಳ ಕಳಂಕ ತಂದಿತು. ಎರಡರಲ್ಲೂ ಒಲೆ ಹಚ್ಚಬೇಕಾದವಳ ಕಷ್ಟ ಒಂದೇ ಆಗಿತ್ತು. ನೆರವು ಮಾತ್ರ ಕಷ್ಟದ ಅಳತೆಗೆ ಸಿಗಲಿಲ್ಲ, ಸೆರೆಯ ಕಾರಣಕ್ಕಿದ್ದ ಮಾನದ ಅಳತೆಗೆ ಸಿಕ್ಕಿತು. ಮುಂದಿನ ಎಪ್ಪತ್ತು ವರ್ಷಗಳ ನೀತಿಯಲ್ಲಿ ಈ ವ್ಯತ್ಯಾಸದ ನೆರಳು ಕಾಣುತ್ತದೆ.

1976–1995: ತಳಹದಿ

ಸಂವಿಧಾನದ 42ನೇ ತಿದ್ದುಪಡಿ 1976ರಲ್ಲಿ 39ಎ ವಿಧಿಯನ್ನು ಸೇರಿಸಿತು. ಹಣವಿಲ್ಲ ಎಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕಾಗಿ ಉಚಿತ ಕಾನೂನು ನೆರವನ್ನು ರಾಜ್ಯ ಒದಗಿಸಬೇಕು ಎಂಬುದು ಅದರ ಸಾರ. ಎರಡು ವರ್ಷಕ್ಕೆ, 1978ರಲ್ಲಿ, ಮೋತಿ ರಾಮ್ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ಮಧ್ಯಪ್ರದೇಶದ ಬಡ ಗಾರೆ ಮೇಸ್ತ್ರಿಯೊಬ್ಬನಿಗೆ ಕೆಳಗಿನ ನ್ಯಾಯಾಲಯ 10,000 ರೂಪಾಯಿಯ ಜಾಮೀನು ಕೇಳಿತ್ತು. ಅಣ್ಣತಮ್ಮ ಜಾಮೀನು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಮೊತ್ತವನ್ನು 1,000 ರೂಪಾಯಿಗೆ ಇಳಿಸಿ, ಜಿಲ್ಲೆಯ ಗಡಿಯನ್ನು ಜಾಮೀನಿನ ಗಡಿ ಮಾಡುವುದು ಸಲ್ಲದೆಂದರು. 1979ರ ಹುಸೇನಾರಾ ಖಾತೂನ್ ಪ್ರಕರಣ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರನ್ನು ದೇಶದ ಕಣ್ಣಿಗೆ ತಂದಿತು. ಈ ಎರಡೂ ತೀರ್ಪುಗಳನ್ನು ಬಂಧಿಯ ಹಕ್ಕಿನ ತೀರ್ಪುಗಳೆಂದು ಕಲಿಸುತ್ತೇವೆ. ಗಮನಿಸಿ ಓದಿದರೆ ಮೋತಿ ರಾಮ್ ಪ್ರಕರಣದ ತಿರುಳು ಅವನ ಅಣ್ಣತಮ್ಮನಲ್ಲಿದೆ. ಜಾಮೀನು ಎನ್ನುವುದು ಯಾವಾಗಲೂ ಮನೆಯವರು ಓಡಾಡಿ ಹೊಂದಿಸುವ ಕೆಲಸ. ಒಳಗಿರುವವನು ಪಹಣಿ ತರಲಾರ, ಸಾಕ್ಷಿಗೆ ಜನ ಕರೆತರಲಾರ.

ಈ ಸೀಮೆಯ ಮಟ್ಟಿಗೆ ಆ ವರ್ಷಗಳ ದೊಡ್ಡ ತೊಡಕು ದೂರ. ಜಿಲ್ಲಾ ಕೇಂದ್ರ ಧಾರವಾಡ. ರಾಣೆಬೆನ್ನೂರಿನಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಶಿಕ್ಷೆಯಾದ ಮೇಲೆ ಬಂಧಿಯನ್ನು ಬೆಳಗಾವಿಯ ಹಿಂಡಲಗಾ, ಬಳ್ಳಾರಿ ಮೊದಲಾದ ಕೇಂದ್ರ ಕಾರಾಗೃಹಗಳಿಗೆ ಕಳಿಸಿದರೆ ಮುಲಾಖತ್ತು ವರ್ಷಕ್ಕೊಮ್ಮೆಯ ಯಾತ್ರೆಯಂತಾಗುವುದು ಸಹಜವೇ. ಬಂಧಿಯನ್ನು ಆದಷ್ಟು ಅವನ ಊರಿಗೆ ಹತ್ತಿರದ ಜೈಲಿನಲ್ಲಿ ಇಡಬೇಕೆಂದು ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳು 2015ರಲ್ಲಿ ಹೇಳಿದವು. ಆ ಮಾತಿನ ಅರ್ಥ ಇಲ್ಲಿಯ ಜನಕ್ಕೆ ಬಸ್ಸಿನ ಟಿಕೆಟ್ಟಿನಲ್ಲಿ ಬಹಳ ಹಿಂದೆಯೇ ತಿಳಿದಿತ್ತು.

1995–2005: ಜಿಲ್ಲೆ ಬಂತು, ಸಮಿತಿ ಬಂತು

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾಯಿತು. ಕಾಯ್ದೆ ಜಾರಿಯಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಹೊಸ ಜಿಲ್ಲೆಯೂ ಹೊಸ ಕಾಯ್ದೆಯೂ ಜೊತೆಯಲ್ಲೇ ಬೆಳೆಯುವ ಅವಕಾಶ ಈ ಸೀಮೆಗೆ ಸಿಕ್ಕಿತು, ಹಳೆಯ ಜಿಲ್ಲೆಗಳಿಗೆ ಸಿಗದ ಅವಕಾಶವದು. ಕಾಯ್ದೆಯ 9ನೇ ಕಲಂ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವನ್ನು ಸ್ಥಾಪಿಸುತ್ತದೆ, 11ಎ ಕಲಂ ತಾಲ್ಲೂಕಿನ ಅತ್ಯಂತ ಹಿರಿಯ ನ್ಯಾಯಾಂಗ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿಯನ್ನು. ಜಿಲ್ಲಾಡಳಿತದ ಕಚೇರಿಗಳು ದೇವಗಿರಿಯ ಕಡೆ ನೆಲೆಯೂರಿದವು. ಜಿಲ್ಲಾ ಕಾರಾಗೃಹ ಕೆರಿಮತ್ತಿಹಳ್ಳಿಯಲ್ಲಿದೆ. ಕಚೇರಿ, ಕೋರ್ಟು, ಜೈಲು ಒಂದೇ ಊರಿನ ಆಸುಪಾಸಿಗೆ ಬಂದದ್ದು ಹಾವೇರಿಯ ಮಟ್ಟಿಗೆ ಜಿಲ್ಲೆಯ ಹುಟ್ಟಿನಷ್ಟೇ ದೊಡ್ಡ ಲಾಭ.

ಕಾಯ್ದೆಯ 12ನೇ ಕಲಮನ್ನು ಇಲ್ಲಿ ನಿಂತು ಓದಬೇಕು, ಏಕೆಂದರೆ ಈ ಲೇಖನದ ವಾದಕ್ಕೆ ಅದೇ ಆಧಾರ. ಉಚಿತ ನೆರವಿಗೆ ಯಾರು ಅರ್ಹರು ಎಂಬ ಪಟ್ಟಿ ಅಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ವಿಕೋಪಕ್ಕೆ ಸಿಕ್ಕವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಇದರಲ್ಲಿ ಬರುತ್ತಾರೆ. ಇವರಿಗೆ ಆದಾಯದ ಮಿತಿ ಅಡ್ಡ ಬರುವುದಿಲ್ಲ. ಉಳಿದವರಿಗೆ ಮಾತ್ರ ರಾಜ್ಯ ನಿಗದಿ ಮಾಡಿದ ಆದಾಯ ಮಿತಿ ಇದೆ, ಕರ್ನಾಟಕದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ. ಹಾಗಾದರೆ ಒಬ್ಬ ಬಂಧಿಯ ಮನೆಯನ್ನು ಈ ಪಟ್ಟಿಯ ಮುಂದೆ ನಿಲ್ಲಿಸಿ ನೋಡಿ. ಒಳಗಿರುವವನು ಅರ್ಹ. ಹೊರಗಿರುವ ಹೆಂಡತಿ ಮಹಿಳೆಯಾಗಿ ಸ್ವಂತ ಹಕ್ಕಿನಿಂದ ಅರ್ಹಳು, ಗಂಡನ ಮೂಲಕವಲ್ಲ. ಮಕ್ಕಳೂ ಅರ್ಹರು. ಮುಪ್ಪಿನ ತಂದೆ ಬಡವನಾಗಿದ್ದರೆ ಆದಾಯದ ಆಧಾರದಲ್ಲಿ ಅವನೂ ಒಳಗೆ ಬರುತ್ತಾನೆ. ಮನೆಯನ್ನು ಕಾಯ್ದೆ ತುಂಡು ತುಂಡಾಗಿ ಆಗಲೇ ಸ್ವೀಕರಿಸಿದೆ. ಆ ತುಂಡುಗಳನ್ನು ಒಂದೇ ಕಡತದಲ್ಲಿ ಇಡುವ ಅಭ್ಯಾಸ ಬೆಳೆಯಲಿಲ್ಲ, ಅಷ್ಟೇ. ಮೊದಲ ಹತ್ತು ವರ್ಷಗಳ ಒತ್ತು ವಕೀಲರನ್ನು ನೇಮಿಸಿ ಕೊಡುವುದರ ಮೇಲೂ ಲೋಕ ಅದಾಲತ್ತುಗಳ ಮೇಲೂ ಇದ್ದದ್ದರಿಂದ ಇದು ಸಹಜವೂ ಹೌದು. ಹೊಸ ಸಂಸ್ಥೆ ಮೊದಲು ತನ್ನ ಕಾಲ ಮೇಲೆ ನಿಲ್ಲಬೇಕಲ್ಲ.

2006–2019: ಬಂಧಿಯ ಸುತ್ತ ಬೆಳೆದದ್ದು

2006 ಎರಡು ಕಾರಣಕ್ಕೆ ಮುಖ್ಯ. ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣೆಯಲ್ಲೇ ಕಳೆದವನನ್ನು ಬಿಡುಗಡೆಗೆ ಪರಿಗಣಿಸಬೇಕೆಂಬ ದಂಡ ಪ್ರಕ್ರಿಯಾ ಸಂಹಿತೆಯ 436ಎ ಕಲಂ ಆ ಜೂನ್‌ನಲ್ಲಿ ಜಾರಿಯಾಯಿತು. ಅದಕ್ಕೆ ಮುನ್ನ ಏಪ್ರಿಲ್ 13ರಂದು ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಾಯಿಯ ಜೊತೆ ಜೈಲಿನಲ್ಲಿರುವ ಮಗುವಿನ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಆರು ವರ್ಷದವರೆಗೆ ಮಗು ತಾಯಿಯ ಬಳಿ ಇರಬಹುದು, ಅದಕ್ಕೆ ಶಿಶುವಿಹಾರ, ಆಹಾರ, ವೈದ್ಯಕೀಯ ವ್ಯವಸ್ಥೆ ಬೇಕು, ಆರು ತುಂಬಿದ ಮೇಲೆ ಯೋಗ್ಯ ಪಾಲಕರಿಗೋ ಸಂಸ್ಥೆಗೋ ಒಪ್ಪಿಸಬೇಕು. ತೀರ್ಪು ಒಳ್ಳೆಯದೇ. ಆದರೆ ಅದು ನೋಡಿದ್ದು ಜೈಲಿನೊಳಗಿನ ಮಗುವನ್ನು. ತಂದೆ ಒಳಗಿದ್ದು ಮಗು ಊರಲ್ಲೇ ಇರುವ ಮನೆಗಳು ಎಷ್ಟೋ ಪಾಲು ಹೆಚ್ಚು, ಏಕೆಂದರೆ ದೇಶದ ಬಂಧಿಗಳಲ್ಲಿ ಗಂಡಸರೇ ಬಹುಪಾಲು. ಆ ಮಗು ಯಾವ ತೀರ್ಪಿನ ಕಣ್ಣಿಗೂ ನೇರವಾಗಿ ಬೀಳಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 45ನೇ ಕಲಂ ಪ್ರಾಯೋಜಕತ್ವದ ನೆರವಿಗೆ ಕೆಲವು ಮಕ್ಕಳನ್ನು ಹೆಸರಿಸುತ್ತದೆ: ತಾಯಿ ವಿಧವೆಯೋ ವಿಚ್ಛೇದಿತೆಯೋ ಪರಿತ್ಯಕ್ತೆಯೋ ಆಗಿದ್ದರೆ, ಅನಾಥನಾಗಿ ಬಂಧುಗಳ ಮನೆಯಲ್ಲಿದ್ದರೆ, ತಂದೆತಾಯಿಗೆ ಪ್ರಾಣಾಂತಿಕ ಕಾಯಿಲೆಯಿದ್ದರೆ, ಅಪಘಾತದಿಂದ ಅವರು ಅಶಕ್ತರಾಗಿದ್ದರೆ. ತಂದೆ ಜೈಲಿನಲ್ಲಿದ್ದರೆ ಎಂಬ ಮಾತು ಅಲ್ಲಿ ನೇರವಾಗಿ ಇಲ್ಲ. ಕಲಮಿನ ಪಟ್ಟಿ ಮುಚ್ಚಿದ ಪಟ್ಟಿಯಲ್ಲ, ಮನಸ್ಸಿದ್ದ ಅಧಿಕಾರಿ ಈ ಮಗುವನ್ನೂ ಒಳಗೆ ತರಬಹುದು. ಆದರೆ ಅರ್ಜಿ ಹಿಡಿದು ಹೋಗುವ ತಾಯಿಗೆ ಹಾಗೆ ವಾದಿಸಿ ಕೊಡುವವರು ಬೇಕು.

ಕಟ್ಟಡಗಳ ದೃಷ್ಟಿಯಿಂದ ಇದು ಬೆಳವಣಿಗೆಯ ಕಾಲ. 13ನೇ ಹಣಕಾಸು ಆಯೋಗ 2010ರಿಂದ 2015ರ ಅವಧಿಗೆ ನ್ಯಾಯಾಂಗಕ್ಕೆ ಕೊಟ್ಟ 5,000 ಕೋಟಿಯಲ್ಲಿ 750 ಕೋಟಿಯನ್ನು ಪರ್ಯಾಯ ವಿವಾದ ಪರಿಹಾರ ಕೇಂದ್ರಗಳಿಗೆ ಮೀಸಲಿಟ್ಟಿತು. ರಾಜಿಸಂಧಾನಕ್ಕೆ, ಲೋಕ ಅದಾಲತ್ತಿಗೆ ಸ್ವಂತ ಸೂರು ಬೇಕು ಎಂಬ ತಿಳಿವಳಿಕೆ ಆಗ ಗಟ್ಟಿಯಾಯಿತು. 2009ರ ಅರೆ ಕಾನೂನು ಸ್ವಯಂಸೇವಕರ ಯೋಜನೆ, 2011ರ ಕಾನೂನು ಸೇವಾ ಕ್ಲಿನಿಕ್ ನಿಯಮಾವಳಿ ಈ ಸೂರಿನಿಂದ ಹೊರಗೆ ಕಾಲಿಡುವ ದಾರಿ ತೋರಿದವು. ಜೈಲಿನೊಳಗೂ ಕ್ಲಿನಿಕ್ಕು ಬಂತು. 2015ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಒಟ್ಟಾಗಿ ಕೂತು ವಿಚಾರಣಾಧೀನ ಬಂಧಿಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದಿತು. ಬಂಧಿಯ ಕಡತಕ್ಕೆ ಇಷ್ಟು ಜನರ ಕಣ್ಣು ಹಿಂದೆಂದೂ ಬಿದ್ದಿರಲಿಲ್ಲ. ಮನೆಯ ಕಡತವಿರಲಿ, ಅಂಥದೊಂದು ಕಡತ ಇರಬೇಕೆಂಬ ಯೋಚನೆಯೂ ಈ ಆದೇಶಗಳಲ್ಲಿಲ್ಲ.

2020–2024: ಹೊಸ ಕಲಂ, ಹೊಸ ಹಣ, ಹಳೆಯ ಜಾಮೀನು

ಕೋವಿಡ್ ಬಂದಾಗ, 2020ರ ಮಾರ್ಚ್ 23ರಂದು, ಜೈಲಿನ ದಟ್ಟಣೆ ಇಳಿಸಲು ರಾಜ್ಯಗಳು ಉನ್ನತಾಧಿಕಾರ ಸಮಿತಿ ರಚಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಜೈಲುಗಳಲ್ಲಿ ಎದುರುಬದುರಿನ ಮುಲಾಖತ್ತು ನಿಂತು ವಿಡಿಯೊ ಕರೆ ಬಂತು. ಫೋನಿದ್ದ ಮನೆಗೆ ಅನುಕೂಲವಾಯಿತು, ಇಲ್ಲದ ಮನೆ ಇನ್ನಷ್ಟು ದೂರವಾಯಿತು. 2022ರಲ್ಲಿ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆ ಶುರುವಾಯಿತು. ಪಟ್ಟಿಯಲ್ಲಿರುವ ಖಾಸಗಿ ವಕೀಲರಿಗೆ ಪ್ರಕರಣ ಹಂಚುವ ಬದಲು, ಪೂರ್ಣಾವಧಿ ವಕೀಲರೇ ಕಚೇರಿಯಲ್ಲಿ ಕೂತು ಕ್ರಿಮಿನಲ್ ಪ್ರಕರಣ ನಡೆಸುವ ಪದ್ಧತಿ ಇದು. ವರ್ಷಗಟ್ಟಲೆ ಸೇವೆ ಮಾಡಿದ ಪ್ಯಾನಲ್ ವಕೀಲರಲ್ಲಿ ಇದರಿಂದ ಮೊದಮೊದಲು ಅಸಮಾಧಾನ ಮೂಡಿದ್ದು ದೇಶದುದ್ದಕ್ಕೂ ಕಂಡ ಸಂಗತಿ. ಸಿವಿಲ್ ಮತ್ತು ಕೌಟುಂಬಿಕ ಪ್ರಕರಣಗಳು ಅವರ ಕೈಯಲ್ಲೇ ಉಳಿದದ್ದರಿಂದ ಎರಡೂ ಪದ್ಧತಿಗಳು ಒಟ್ಟಿಗೆ ಬಾಳುವುದಕ್ಕೆ ದಾರಿಯಿದೆ. ನಿಜ ಹೇಳಬೇಕೆಂದರೆ, ಬಂಧಿಯ ಮನೆಗೆ ಈ ಇಬ್ಬರೂ ಬೇಕು. ಜಾಮೀನು ಅರ್ಜಿ ಹಾಕುವವರು ಒಬ್ಬರು, ಗಂಡ ಒಳಗಿರುವಾಗ ಮೈದುನ ಹೊಲದ ಪಾಲು ನುಂಗಲು ಬಂದರೆ ತಡೆಯುವವರು ಇನ್ನೊಬ್ಬರು.

2023ರಲ್ಲಿ ಕೇಂದ್ರ ಸರ್ಕಾರ ಬಡ ಬಂಧಿಗಳ ನೆರವಿನ ಯೋಜನೆ ತಂದಿತು. ಜಾಮೀನು ಸಿಕ್ಕರೂ ಹಣ ಕಟ್ಟಲಾಗದ ವಿಚಾರಣಾಧೀನನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಾ ಬಂಧಿಗೆ 25,000 ರೂಪಾಯಿವರೆಗೆ ಜಿಲ್ಲಾ ಸಮಿತಿ ಮಂಜೂರು ಮಾಡಬಹುದೆಂದು ಆಗಿನ ನಿಯಮ ಹೇಳಿತು. ಅದೇ ವರ್ಷದ ಜನವರಿ 31ರಂದು ಸುಪ್ರೀಂ ಕೋರ್ಟು, ಜಾಮೀನು ಆದೇಶವಾಗಿ ಒಂದು ತಿಂಗಳಾದರೂ ಬಂಧಿ ಹೊರಗೆ ಬರದಿದ್ದರೆ ಷರತ್ತನ್ನು ಸಡಿಲಿಸುವ ಬಗ್ಗೆ ನ್ಯಾಯಾಲಯ ತಾನಾಗಿ ಯೋಚಿಸಬಹುದೆಂದಿತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಹಿಂದೆಂದೂ ಅಪರಾಧ ಸಾಬೀತಾಗದವರಿಗೆ ಅರ್ಧದ ಬದಲು ಮೂರನೇ ಒಂದು ಭಾಗದ ಅವಧಿಯ ಮಿತಿ ಇಟ್ಟಿತು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಈ ಕ್ರಮಗಳು ಬರುವ ಮುನ್ನ, 2022ರ ರಾಷ್ಟ್ರೀಯ ಅಂಕಿಅಂಶದಲ್ಲಿ ದೇಶದ 5,73,220 ಬಂಧಿಗಳ ಪೈಕಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನೂರಕ್ಕೆ 75.8. ಜೈಲಿನ ಮುಕ್ಕಾಲು ಭಾಗ ಇನ್ನೂ ತಪ್ಪಿತಸ್ಥರೆಂದು ಸಾಬೀತಾಗದವರು. ಅವರ ಮನೆಗಳೂ ಹಾಗೆಯೇ.

ಬ್ಯಾಡಗಿಗೆ ಇದೆಲ್ಲ ಬರಿಯ ಅಂಕಿಯಲ್ಲ ಎಂದು 2024ರ ಮಾರ್ಚ್ 11 ತೋರಿಸಿತು. ಒಣಮೆಣಸಿನಕಾಯಿಯ ದರ ಏಕಾಏಕಿ ಕುಸಿದು, ರೊಚ್ಚಿಗೆದ್ದ ಗುಂಪು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿತು. ಹಲವರ ಬಂಧನವಾಯಿತು. ಆ ಕೃತ್ಯವನ್ನು ಯಾರೂ ಸಮರ್ಥಿಸಬೇಕಿಲ್ಲ. ಗಮನಿಸಬೇಕಾದದ್ದು ಮಾರುಕಟ್ಟೆಯ ಸ್ವಭಾವವನ್ನು. ಸೋಮವಾರ, ಗುರುವಾರದ ವಹಿವಾಟಿಗೆ ಬ್ಯಾಡಗಿಗೆ ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದ ಕೂಡ ರೈತರು ಬರುತ್ತಾರೆ. ಇಂಥ ಊರಲ್ಲಿ ಯಾರಾದರೂ ಬಂಧನಕ್ಕೆ ಸಿಕ್ಕರೆ ಅವನ ಮನೆಯವರು ಭಾಷೆ, ವಕೀಲ, ಉಳಿಯುವ ಜಾಗ ಯಾವುದೂ ಗೊತ್ತಿಲ್ಲದೆ ಬಂದು ನಿಲ್ಲುವವರು. ಮೋತಿ ರಾಮ್ ಪ್ರಕರಣದ ಪ್ರಶ್ನೆ, ಬೇರೆ ಜಿಲ್ಲೆಯ ಪಹಣಿ ಜಾಮೀನಿಗೆ ಸಲ್ಲುತ್ತದೋ ಇಲ್ಲವೋ ಎಂಬುದು, ಅಂಥವರಿಗೆ ಇವತ್ತಿನ ಪ್ರಶ್ನೆ.

ಮುಂದಿನ ವಿಸ್ತರಣೆ

ಈಗ ಆಕ್ಷೇಪಗಳಿಗೆ ಬರಬೇಕು. ಮೊದಲನೆಯದು ಎಲ್ಲರ ಬಾಯಲ್ಲೂ ಇರುವುದು: ತಪ್ಪು ಮಾಡಿದವನ ಮನೆಗೆ ನೆರವು ಕೊಡುವ ಮೊದಲು, ಅವನಿಂದ ಹಾನಿಗೊಳಗಾದವರ ಮನೆಯನ್ನು ನೋಡಬೇಡವೇ? ನೋಡಲೇಬೇಕು. ಸಂತ್ರಸ್ತರ ಪರಿಹಾರದ ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಂ 2009ರ ಕೊನೆಗೆ ಜಾರಿಯಾದಾಗ, ಪರಿಹಾರದ ಮೊತ್ತ ತೀರ್ಮಾನಿಸುವ ಹೊಣೆ ಬಿದ್ದದ್ದು ಇದೇ ಕಾನೂನು ಸೇವೆಗಳ ಪ್ರಾಧಿಕಾರದ ಮೇಲೆ. ಎರಡೂ ಮನೆಗಳ ಅರ್ಜಿ ಒಂದೇ ಕಚೇರಿಗೆ ಬರುವಂತೆ ಕಾನೂನೇ ವ್ಯವಸ್ಥೆ ಮಾಡಿದೆ. ಒಂದರ ಹಣ ಕಿತ್ತು ಇನ್ನೊಂದಕ್ಕೆ ಕೊಡುವ ಪ್ರಶ್ನೆ ಇಲ್ಲಿಲ್ಲ. ಅಲ್ಲದೆ ಹಳ್ಳಿಯ ಜಗಳಗಳಲ್ಲಿ ಎರಡೂ ಮನೆ ಒಂದೇ ಓಣಿಯವು, ಎಷ್ಟೋ ಸಲ ಒಂದೇ ಮನೆತನದವು. ಗಂಡನ ಹೊಡೆತಕ್ಕೆ ದೂರು ಕೊಟ್ಟು ಅವನನ್ನು ಒಳಗೆ ಹಾಕಿಸಿದ ಹೆಂಗಸು ಸಂತ್ರಸ್ತೆಯೂ ಹೌದು, ಬಂಧಿಯ ಕುಟುಂಬವೂ ಹೌದು. ಆಕೆಯನ್ನು ಯಾವ ಸಾಲಿನಲ್ಲಿ ನಿಲ್ಲಿಸುವುದು?

ಎರಡನೆಯ ಆಕ್ಷೇಪ, ಇಂಥ ನೆರವು ಅಪರಾಧದ ಭಯವನ್ನೇ ಕಡಿಮೆ ಮಾಡೀತು ಎಂಬುದು. ಮನೆಗೆ ಪಡಿತರ ಚೀಟಿ ಸರಿಯಾಗಲಿ ಎಂದು ಯಾರೂ ಜೈಲಿಗೆ ಹೋಗುವುದಿಲ್ಲ, ಇದಕ್ಕಿಂತ ಹೆಚ್ಚಿನ ಉತ್ತರ ಆ ಮಾತಿಗೆ ಬೇಕಿಲ್ಲ. ಮೂರನೆಯದಕ್ಕೆ ತೂಕವಿದೆ. ಯೋಜನೆಗಳು ಆಗಲೇ ಬೇಕಾದಷ್ಟಿವೆಯಲ್ಲ, ಇನ್ನೊಂದು ಮೇಜು ಯಾಕೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಆಗಸ್ಟ್ 30ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ. ಮುಲಾಖತ್ತಿಗೆ ಹೋಗುವ ಹೆಂಡತಿಗೆ ಈ ಎರಡೂ ಎಷ್ಟು ಆಸರೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಬಸ್ಸು ಉಚಿತವಾದರೂ ಆ ದಿನದ ಕೂಲಿ ಹೋಗಿಯೇ ಹೋಗುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ, ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಹೆಂಗಸಿಗೆ ಸುಗ್ಗಿಯ ಒಂದು ದಿನ ಎಂದರೆ ಬರಿಯ ಒಂದು ದಿನವಲ್ಲ. ಹಾವೇರಿಯ ಜೈಲಿಗೆ ಒಮ್ಮೆ, ರಾಣೆಬೆನ್ನೂರಿನ ಕೋರ್ಟಿನ ತಾರೀಖಿಗೆ ಒಮ್ಮೆ, ಪಹಣಿಗೆ ನಾಡಕಚೇರಿಗೆ ಒಮ್ಮೆ, ಮಗುವಿನ ಅರ್ಜಿಗೆ ಮಕ್ಕಳ ರಕ್ಷಣಾ ಘಟಕಕ್ಕೆ ಒಮ್ಮೆ ಅಲೆಯುವವಳಿಗೆ ಯೋಜನೆಗಳ ಕೊರತೆಯಿಲ್ಲ, ಅವು ಒಂದೆಡೆ ಸಿಗುವುದಿಲ್ಲ ಎಂಬುದೇ ಕಷ್ಟ. ಬೇರೆಡೆ ಇದಕ್ಕೆ ಮಾದರಿಯುಂಟು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪ್ರಯಾಸ್ 1990ರಿಂದ ಮುಂಬಯಿಯಲ್ಲಿ ಜೈಲು, ಕೋರ್ಟು, ಮನೆ ಮೂರರ ನಡುವೆ ಸಮಾಜಕಾರ್ಯಕರ್ತರನ್ನು ನಿಲ್ಲಿಸಿ ಕೆಲಸ ಮಾಡುತ್ತಿದೆ. ದೆಹಲಿ ಸರ್ಕಾರ 2014ರಲ್ಲಿ ಬಂಧಿಗಳ ಮಕ್ಕಳ ಪೋಷಣೆ, ಶಿಕ್ಷಣಕ್ಕೆಂದೇ ಪ್ರತ್ಯೇಕ ಯೋಜನೆ ರೂಪಿಸಿತು.

ನಾಲ್ಕನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ, ಅದು ಬರುವುದೂ ಹಿತೈಷಿಗಳಿಂದಲೇ. ಬಂಧಿಗಳ ಕುಟುಂಬ ಕೇಂದ್ರ ಎಂದು ಫಲಕ ಹಾಕಿದ ಕಟ್ಟಡದ ಮೆಟ್ಟಿಲು ಹತ್ತುವ ಹುಡುಗಿಯನ್ನು ಊರು ಹೇಗೆ ನೋಡುತ್ತದೆ? ಸೆಟ್ಲಮೆಂಟಿನ ಕಥೆ ಮರೆಯದವರಿಗೆ ಈ ಭಯ ಪೊಳ್ಳಲ್ಲ. ಒಳ್ಳೆಯ ಉದ್ದೇಶದ ಕಟ್ಟಡವೂ ತಲೆಮಾರಿನ ಹಣೆಪಟ್ಟಿಯಾಗಬಲ್ಲದು. ಪ್ರತ್ಯೇಕ ಕೇಂದ್ರದ ಬದಲು ಕಾನೂನು ಸೇವಾ ಕಚೇರಿಯೊಳಗೇ ವಿಸ್ತರಣೆ ಆಗಬೇಕೆನ್ನುವುದಕ್ಕೆ ಇದೇ ಮುಖ್ಯ ಕಾರಣ. ಆ ಕಚೇರಿಗೆ ಅಪಘಾತದ ವಿಮೆಗೆ, ಬ್ಯಾಂಕಿನ ಸಾಲದ ರಾಜಿಗೆ, ಚೆಕ್ ಬೌನ್ಸ್ ಪ್ರಕರಣಕ್ಕೆ, ದಾಯಾದಿಗಳ ವ್ಯಾಜ್ಯಕ್ಕೆ ಊರ ಎಲ್ಲ ಜಾತಿ, ಎಲ್ಲ ಅಂತಸ್ತಿನ ಜನ ಬರುತ್ತಾರೆ. ಅಲ್ಲಿ ಸಾಲಿನಲ್ಲಿ ನಿಂತವರ ಕೆಲಸ ಏನೆಂದು ಯಾರಿಗೂ ಗೊತ್ತಾಗದು. ಮೂವತ್ತು ವರ್ಷದಲ್ಲಿ ಲೋಕ ಅದಾಲತ್ತುಗಳು ಗಳಿಸಿಕೊಟ್ಟ ನಿಜವಾದ ಆಸ್ತಿ ಈ ಸಾಧಾರಣತೆ. ರಾಜಿಯಾದ ಪ್ರಕರಣಗಳ ಸಂಖ್ಯೆಗಿಂತ ಅದು ಹೆಚ್ಚು ಬೆಲೆಯದು.

ಕೆಲಸಗಳೂ ಊರಿನಿಂದ ಊರಿಗೆ ಬೇರೆಯಾಗಬೇಕು. ಹಾವೇರಿಯ ಮೇಜು ಕೆರಿಮತ್ತಿಹಳ್ಳಿಗೆ ಬರುವ ಮುಲಾಖತ್ತಿನವರನ್ನು ನೋಡಿಕೊಳ್ಳಬೇಕು. ಹೊಸದಾಗಿ ಜೈಲಿಗೆ ಬಂದವನ ಹೆಸರು ದಾಖಲಾದ ವಾರದೊಳಗೆ ಅವನ ಮನೆಯ ಕಡತವೂ ತೆರೆದುಕೊಳ್ಳಬೇಕು: ಮಕ್ಕಳೆಷ್ಟು, ಶಾಲೆಯಲ್ಲಿವೆಯೇ, ಪಡಿತರ ಚೀಟಿ ಯಾರ ಹೆಸರಿನಲ್ಲಿದೆ, ಹೊಲ ಯಾರು ಮಾಡುತ್ತಿದ್ದಾರೆ, ಸಾಲದವರು ಬಾಗಿಲಿಗೆ ಬರುತ್ತಿದ್ದಾರೆಯೇ. ಇದಕ್ಕೆ ವಕೀಲರು ಬೇಕಿಲ್ಲ, ತರಬೇತಿ ಪಡೆದ ಅರೆ ಕಾನೂನು ಸ್ವಯಂಸೇವಕರು ಸಾಕು, ಅವರಲ್ಲಿ ಹೆಂಗಸರು ಹೆಚ್ಚಿದ್ದರೆ ಒಳಿತು. ವ್ಯಾಪಾರದಲ್ಲೂ ಜನಸಂಖ್ಯೆಯಲ್ಲೂ ದೊಡ್ಡದಾದ ರಾಣೆಬೆನ್ನೂರಿನಲ್ಲಿ ಜಾಮೀನಿನ ಕೆಲಸ ಮುಖ್ಯವಾಗಬೇಕು. ಆದೇಶವಾಗಿಯೂ ಹೊರಬರಲಾಗದವರ ಪಟ್ಟಿ ಹಿಡಿದು ಬಡ ಬಂಧಿಗಳ ನೆರವಿನ ಯೋಜನೆಯ ಅರ್ಜಿಯನ್ನೂ ಷರತ್ತು ಸಡಿಲಿಕೆಯ ಅರ್ಜಿಯನ್ನೂ ಹಾಕಿಸುವುದು ಅಲ್ಲಿಯ ಹೊಣೆ. ಬ್ಯಾಡಗಿಯ ಮೇಜು ವರ್ಷವಿಡೀ ಒಂದೇ ಹೊತ್ತಿಗೆ ತೆರೆದಿದ್ದರೆ ಪ್ರಯೋಜನ ಕಡಿಮೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಅದು ಸಂಜೆ ಕೂರಬೇಕು, ಕೂಲಿ ಮುಗಿಸಿದವರು ಮನೆಗೆ ಹೋಗುವ ದಾರಿಯಲ್ಲಿ ಬಂದುಹೋಗುವಂತೆ. ತೆಲುಗು ಬಲ್ಲ ಸ್ವಯಂಸೇವಕರೊಬ್ಬರಾದರೂ ಅಲ್ಲಿರಲಿ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ತಾಲ್ಲೂಕು ಸಮಿತಿಗಳ ಕೆಲಸವನ್ನು ಹೊಂದಿಸುವ ಅಧಿಕಾರವನ್ನು 10ನೇ ಕಲಂ ಜಿಲ್ಲಾ ಪ್ರಾಧಿಕಾರಕ್ಕೆ ಕೊಟ್ಟಿದೆ, ಇತರ ಸರ್ಕಾರಿ ಇಲಾಖೆ, ಸ್ವಯಂಸೇವಾ ಸಂಸ್ಥೆ, ವಿಶ್ವವಿದ್ಯಾಲಯಗಳ ಜೊತೆ ಕೈಜೋಡಿಸಬೇಕೆಂದು 11ನೇ ಕಲಂ ಹೇಳುತ್ತದೆ, ಜಿಲ್ಲಾ ಕಾನೂನು ನೆರವು ನಿಧಿಗೆ 17ನೇ ಕಲಂ ಇದೆ. ಮೂರು ತಿಂಗಳಿಗೊಮ್ಮೆ ವಿಚಾರಣಾಧೀನರ ಪಟ್ಟಿ ಹಿಡಿದು ಕೂರುವ ಜಿಲ್ಲಾ ಸಮಿತಿಯ ಮುಂದೆ ಪ್ರತಿ ಹೆಸರಿನ ಎದುರು ಇನ್ನೊಂದು ಅಂಕಣ ಸೇರಿಸಿದರೆ ಮೊದಲ ಹೆಜ್ಜೆಯಾದೀತು: ಮನೆಯಲ್ಲಿ ಯಾರಿದ್ದಾರೆ, ಕಳೆದ ಮೂರು ತಿಂಗಳಲ್ಲಿ ಅವರಿಗೆ ಯಾವ ಇಲಾಖೆಯಿಂದ ಏನು ತಲುಪಿದೆ.